ಉಸ್ತಾದ್ ಮನ್ಸೂರನ ಪುಷ್ಪ-ಪ್ರಾಣಿ ಚಿತ್ರಗಳು: ರಚನಾಕ್ರಮದ ಒಂದು ವಿಮರ್ಶೆ

ಮೊಗಲ್ ಚಕ್ರವರ್ತಿ ಜಹಾಂಗೀರನ (ಆಳ್ವಿಕೆ 1605–1627) ಆಸ್ಥಾನ ಚಿತ್ರಕಾರನಾದ ಉಸ್ತಾದ್ ಮನ್ಸೂರನನ್ನು ಕುರಿತು ಬರೆದವರು ಅವನ ಹೂ, ಮೃಗ, ಪಕ್ಷಿಗಳ ಚಿತ್ರಗಳ ಯಥಾರ್ಥತೆಯನ್ನೇ ಬಹುಮಟ್ಟಿಗೆ ಕೊಂಡಾಡಿದ್ದಾರೆ. ಈ ಪ್ರಶಂಸೆ ನಿರಾಧಾರವಲ್ಲ, ಆದರೆ ಅಪೂರ್ಣವಾದುದು. ಯಥಾರ್ಥತೆಯೊಂದೇ ಅವನ ಗುಣವೆಂದರೆ ಕಲಾವಿದನು ಬರಿಯ ನಕಲುಗಾರನಾಗುತ್ತಾನೆ. ಅಲ್ಲದೆ, ಚಿತ್ರವನ್ನು ಚರಿತ್ರೆಗೆ ಆಧಾರವಾಗಿ ಬಳಸುವ ನಾವು, ಅದರ ಹಿಂದಿರುವ ಆಯ್ಕೆಗಳನ್ನು ಕಾಣದೆ ಹೋಗುತ್ತೇವೆ.

ಮನ್ಸೂರನು ಪಳಗಿದುದು ಅಕ್ಬರನ ಚಿತ್ರಶಾಲೆಯಲ್ಲಿ. ಅಲ್ಲಿ ಒಬ್ಬನು ರೇಖೆಯನ್ನು ಹಾಕಿದರೆ ಮತ್ತೊಬ್ಬನು ಬಣ್ಣ ತುಂಬುವುದು ವಾಡಿಕೆಯಾಗಿತ್ತು. ಜಹಾಂಗೀರನ ಕಾಲಕ್ಕೆ ಇಡೀ ಚಿತ್ರವನ್ನು ಒಬ್ಬನೇ ರಚಿಸುವ ಪದ್ಧತಿ ಪ್ರಬಲವಾಯಿತು. ಮೊಗಲ್ ಚಿತ್ರರಚನೆಯ ಕ್ರಮವಾದರೋ ನಿಧಾನವಾದುದು: ಮೊದಲು ರೇಖಾಚಿತ್ರ; ಅದರ ಮೇಲೆ ತೆಳುವಾದ ಬಿಳಿಯ ಲೇಪ; ಬಳಿಕ ಪದರ ಪದರವಾಗಿ ಬಣ್ಣ; ನಡುನಡುವೆ ನಯವಾದ ಕಲ್ಲಿನಿಂದ ಉಜ್ಜಿ ತರುವ ಹೊಳಪು; ಕಡೆಗೆ ಅಳಿಲಿನ ಕೂದಲಿನ ಕುಂಚದಿಂದ ಸೂಕ್ಷ್ಮವಾದ ಗೆರೆಗಳು. ಕಣ್ಣು ಒಂದು ಕ್ಷಣ ಕಂಡುದನ್ನು ಕೈ ಬಹುಕಾಲ ಶ್ರಮಿಸಿ ಮೂಡಿಸಬೇಕು. ಈ ಅಂತರದಲ್ಲಿಯೇ ಕಲಾವಿದನ ವಿವೇಚನೆಗೆ ಎಡೆಯಿದೆ.

ಇದಕ್ಕೆ ಒಂದು ನಿದರ್ಶನವನ್ನು ನೋಡೋಣ. 1612ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ತಂದ ಅಪೂರ್ವ ಪ್ರಾಣಿಗಳಲ್ಲಿ ಟರ್ಕಿ ಕೋಳಿಯೂ ಒಂದು. ಅದರ ತಲೆ ಮತ್ತು ಕೊರಳಿನ ಬಣ್ಣ ಗಳಿಗೆಗೊಮ್ಮೆ ಬದಲಾಗುವುದನ್ನು ಜಹಾಂಗೀರನು ತನ್ನ ಆತ್ಮಚರಿತ್ರೆಯಲ್ಲಿ ಬೆರಗಿನಿಂದ ವರ್ಣಿಸಿದ್ದಾನೆ. ಬರೆಹಕ್ಕೆ ಆ ಬದಲಾವಣೆಗಳನ್ನೆಲ್ಲ ಒಂದಾದ ಮೇಲೊಂದರಂತೆ ಹೇಳುವುದು ಸಾಧ್ಯ. ಚಿತ್ರಕಾರನಾದರೋ ಒಂದೇ ಗಳಿಗೆಯನ್ನು ಆರಿಸಿಕೊಳ್ಳಬೇಕು. ಮನ್ಸೂರನದೆಂದು ಹೇಳಲಾಗುವ, ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಟರ್ಕಿ ಕೋಳಿಯ ಚಿತ್ರವು ಅಂತಹ ಆಯ್ಕೆಯ ಫಲ.

ಅದೇ ಸಂಗ್ರಹದಲ್ಲಿರುವ 1621ರ ಜೀಬ್ರಾದ ಚಿತ್ರ ಇನ್ನೂ ಮಹತ್ತ್ವದ್ದು. ಆ ಪ್ರಾಣಿಯ ಪಟ್ಟೆಗಳನ್ನು ಯಾರೋ ಬಳಿದಿರಬೇಕೆಂದು ಆಸ್ಥಾನದಲ್ಲಿ ಕೆಲವರು ಶಂಕಿಸಿದರು. ಪರೀಕ್ಷಿಸಿದ ಮೇಲೆ ಅವು ಸಹಜವೆಂದು ತಿಳಿಯಿತು. ಪಟ್ಟೆಗಳನ್ನು ಅಲಂಕಾರವಾಗಿ ಮೆರೆಸುವ ಅವಕಾಶ ಮನ್ಸೂರನಿಗೆ ಇದ್ದೇ ಇತ್ತು. ಅವನು ಹಾಗೆ ಮಾಡಲಿಲ್ಲ. ಬರಿದಾದ ಹಿನ್ನೆಲೆಯ ಮುಂದೆ, ಬಾಯಿಕಟ್ಟು ತೊಟ್ಟು ಮೌನವಾಗಿ ನಿಂತ ಒಂದು ಬಂದಿ ಪ್ರಾಣಿಯನ್ನು ಅವನು ತೋರಿಸಿದ್ದಾನೆ. ವಿಚಿತ್ರವಸ್ತುವೊಂದು ಇಲ್ಲಿ ವ್ಯಕ್ತಿಯಾಗಿದೆ. ಜೀಬ್ರಾವನ್ನು ಪಾರಸಿಕದ ಷಾ ಅಬ್ಬಾಸನಿಗೆ ಕಾಣಿಕೆಯಾಗಿ ಕಳುಹಿಸಲು ನಿಶ್ಚಯವಾಯಿತು, ಚಿತ್ರ ಉಳಿಯಿತು.

ಹೂಗಳ ವಿಷಯದಲ್ಲಿ ಮಾತ್ರ ನಾವು ಎಚ್ಚರದಿಂದಿರಬೇಕು. 1620ರ ಕಾಶ್ಮೀರ ಪ್ರವಾಸದ ಸಂದರ್ಭದಲ್ಲಿ ಮನ್ಸೂರನು ಬರೆದ ಹೂಗಳು ನೂರಕ್ಕೂ ಮಿಗಿಲೆಂದು ಜಹಾಂಗೀರನು ಹೇಳುತ್ತಾನೆ. ನಿಶ್ಚಯವಾಗಿ ಅವನವೇ ಎನ್ನಬಹುದಾದ ಹೂವಿನ ಚಿತ್ರಗಳು ಇಂದು ತೀರ ವಿರಳ. ಅವುಗಳಲ್ಲಿ ಕೆಂಪು ಟ್ಯೂಲಿಪ್ ಹೆಸರಾದುದು. ಮೊಗಲ್ ಪುಷ್ಪಚಿತ್ರಗಳ ಮೇಲೆ ಐರೋಪ್ಯ ಸಸ್ಯಗ್ರಂಥಗಳ ಮುದ್ರಿತ ಚಿತ್ರಗಳ ಪ್ರಭಾವವಿದೆಯೆಂದು ವಿದ್ವಾಂಸರು ತೋರಿಸಿದ್ದಾರೆ. ಆದುದರಿಂದ ಪ್ರತ್ಯಕ್ಷದರ್ಶನವೊಂದೇ ಈ ಚಿತ್ರಗಳ ಮೂಲವೆಂದು ಸಾಧಿಸುವುದು ಸಲ್ಲದು. ಆದರೆ ಮಾದರಿಯ ಪರಿಚಯ ಕಲಾವಿದನ ದೃಷ್ಟಿಯನ್ನು ಕುಂದಿಸಲೇಬೇಕೆಂಬ ನಿಯಮವೂ ಇಲ್ಲ.

ಬಾಬರನು ಪ್ರಾಣಿಗಳನ್ನು ವರ್ಣಿಸಿದರೂ ಅವುಗಳ ಚಿತ್ರ ಬರೆಯಿಸಲಿಲ್ಲವೆಂದು ಜಹಾಂಗೀರನು ಟೀಕಿಸಿದ್ದಾನೆ. ಬರೆಯಿಸುವ ಬಯಕೆ ಅರಸನದು. ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕೆಂಬ ನಿರ್ಣಯ ಮನ್ಸೂರನದು. ಅರಸನು ಅವನಿಗಿತ್ತ ‘ನಾದಿರ್-ಉಲ್-ಅಸ್ರ್’, ಅಂದರೆ ಯುಗದ ಅದ್ಭುತ, ಎಂಬ ಬಿರುದು ಕೈಚಳಕಕ್ಕಿಂತ ಈ ನಿರ್ಣಯಶಕ್ತಿಗೇ ಹೆಚ್ಚು ಒಪ್ಪುತ್ತದೆಂದು ನಮ್ಮ ಅಭಿಪ್ರಾಯ.