ಮಣಿಕಟ್ಟಿನ ಮೇಲೆ ಮೂರು ಬೆರಳು

ಒಳ್ಳೆಯ ಇಎಂಟಿ, ಅಂದರೆ ಆಂಬುಲೆನ್ಸಿನ ತುರ್ತು ಚಿಕಿತ್ಸಾ ತಂತ್ರಜ್ಞರು, ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಹೊರಗೆ 108 ಗಾಡಿಯ ದೀಪ ಗೋಡೆಯಿಂದ ಗೋಡೆಗೆ ಸುತ್ತುತ್ತಿರುತ್ತದೆ. ಒಳಗೆ ಹತ್ತು ಜನ ಒಟ್ಟಿಗೇ ಮಾತಾಡುತ್ತಿರುತ್ತಾರೆ, ಯಾರೋ ಒಬ್ಬರು ಬಾಯಿಗೆ ಸೆರಗು ಹಿಡಿದು ಅಳುತ್ತಿರುತ್ತಾರೆ. ಆ ಗದ್ದಲದ ನಡುವೆ ಆ ನಿಲುವು! ಈ ವಿದ್ಯೆಯನ್ನು ಹದಿನಾಲ್ಕು ವರ್ಷ ಕಲಿಸಿದ ಮೇಲೂ ಅದನ್ನು ಕಂಡಾಗಲೆಲ್ಲ ನನ್ನ ಮನಸ್ಸು ಅರಳುತ್ತದೆ. ಹತ್ತು ಸೆಕೆಂಡೂ ಹಿಡಿಯದ ಆ ನೋಟದಲ್ಲಿ ಅರ್ಧ ರೋಗ ಓದಿ ಮುಗಿದಿರುತ್ತದೆ.

ಏನನ್ನು ಓದುತ್ತಾರೆ? ಎಚ್ಚರ, ಉಸಿರು, ಬಣ್ಣ. ಮುದುಕರು ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ, ಎರಡೂ ಅಂಗೈಗಳನ್ನು ಮೊಣಕಾಲಿಗೆ ಊರಿ ಕುಳಿತಿದ್ದಾರೆ. ಹಾಗೆ ಕೂತವರಿಗೆ ಮಲಗಿದರೆ ಉಸಿರು ಸಿಗುವುದಿಲ್ಲ. ಕೊರಳಿನ ಸ್ನಾಯುಗಳು ಹಗ್ಗದ ಹಾಗೆ ಎದ್ದು ಬೀಳುತ್ತಿವೆ. "ಬಾ… ಮಗಾ…" ಎಂದು ಎರಡೆರಡು ಮಾತಿಗೆ ನಿಲ್ಲುತ್ತಿದ್ದಾರೆ. ಫ್ಯಾನು ತಿರುಗುತ್ತಿದ್ದರೂ ಹಣೆಯ ತುಂಬ ಬೆವರು. ಮೂಲೆಯಲ್ಲಿ ಕ್ರಿಮಿನಾಶಕದ ಡಬ್ಬಿ ಏನಾದರೂ ಉರುಳಿದೆಯೇ, ಕೋಣೆಯಲ್ಲಿ ಬೆಳ್ಳುಳ್ಳಿಯಂಥ ವಾಸನೆ ಇದೆಯೇ ಎಂದು ಮೂಗೂ ಕೆಲಸ ಮಾಡುತ್ತಿರುತ್ತದೆ. ಇದ್ದರೆ ಮುಂದೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುವುದನ್ನೂ, ಬಾಯಲ್ಲಿ ಜೊಲ್ಲು ಸುರಿಯುವುದನ್ನೂ ಅವರು ನಿರೀಕ್ಷಿಸಿಯೇ ಬಗ್ಗುತ್ತಾರೆ. ರಾತ್ರಿ ನೆಲದ ಮೇಲೆ ಮಲಗಿದ್ದ ಹುಡುಗ ಬೆಳಗ್ಗೆ ಹೊಟ್ಟೆನೋವೆಂದು ಎದ್ದ, ಈಗ ರೆಪ್ಪೆ ಎತ್ತಲಾಗುತ್ತಿಲ್ಲ ಎಂದು ತಾಯಿ ಹೇಳಿದರೆ, ಗಾಯದ ಗುರುತು ಸಿಗದಿದ್ದರೂ ಕಟ್ಟುಹಾವು ಅವರ ಮನಸ್ಸಿಗೆ ಬಂದಿರುತ್ತದೆ. ಅದರ ಕಡಿತ ಎಷ್ಟೋ ಸಲ ನೋಯುವುದೇ ಇಲ್ಲ. ಸಣ್ಣ ಸಣ್ಣ ಸುಳಿವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಈ ಕಸುಬಿನಲ್ಲಿ ಮಲ್ಲಿಗೆ ಕಟ್ಟುವವರ ಬೆರಳುಗಳ ಚುರುಕಿದೆ.

ಆಮೇಲೆ ಮಾತು. ಇಲ್ಲಿ ನನ್ನ ಭಾಷೆಯ ಮೇಲಿನ ಪ್ರೀತಿ ಇಮ್ಮಡಿಯಾಗುತ್ತದೆ. ಉರಿ, ಚಳುಕು, ಸೆಳೆತ, ಇರಿತ, ಸಿಡಿತ, ಕಿವುಚು, ಹಿಂಡು, ಜೋಮು, ಸಂಕಟ: ನೋವಿಗೆ ಕನ್ನಡದಲ್ಲಿ ಎಷ್ಟು ಚಂದದ ಪದಗಳಿವೆ! ಪ್ರತಿಯೊಂದಕ್ಕೂ ದೇಹದಲ್ಲಿ ತನ್ನದೇ ಜಾಗವಿದೆ. ಸಿಡಿತ ತಲೆಯದು, ಕಿವುಚು ಹೊಟ್ಟೆಯದು, ಜೋಮು ಕೈಕಾಲಿನದು. "ಎದೆ ಹಿಂಡಿದಂಗಾಗ್ತದಾ?" ಎಂದು ಕೇಳಬೇಡಿ ಎಂದು ವಿದ್ಯಾರ್ಥಿಗಳಿಗೆ ಮೊದಲ ವಾರವೇ ಹೇಳುತ್ತಿದ್ದೆ. ಹಾಗೆ ಕೇಳಿದರೆ ಹೆದರಿದವರು ಹೌದೆಂದೇ ಅನ್ನುತ್ತಾರೆ. "ಹೆಂಗೆ ಆಗ್ತದೆ, ನೀವೇ ಹೇಳಿ" ಅನ್ನಬೇಕು, ಆಮೇಲೆ ಸುಮ್ಮನಿರಬೇಕು. ಒಮ್ಮೆ ಅಜ್ಜರೊಬ್ಬರು ಮುಷ್ಟಿಯನ್ನು ಎದೆಯ ನಡುವೆ ಒತ್ತಿಟ್ಟುಕೊಂಡು, "ನೋವಲ್ಲ ಕಣಮ್ಮ, ರುಬ್ಬೋಕಲ್ಲು ಇಟ್ಟಂಗೈತೆ" ಅಂದರು. ಮನೆಯವರು ಮಾತ್ರ ಗ್ಯಾಸು ಗ್ಯಾಸು ಎನ್ನುತ್ತಲೇ ಇದ್ದರು. ಎದೆಯ ಮೇಲಿನ ಆ ಮುಷ್ಟಿಗೆ ವೈದ್ಯಶಾಸ್ತ್ರದಲ್ಲಿ ಲೆವಿನ್ ಚಿಹ್ನೆ ಎಂಬ ಹೆಸರೇ ಇದೆ. ಜೊತೆಗಿದ್ದ ಇಎಂಟಿ ಹುಡುಗಿ ಆ ಕೈಯನ್ನು ನೋಡಿದಳು, ಕರೆಕೇಂದ್ರದ ವೈದ್ಯರಿಗೆ ಫೋನು ಹಚ್ಚಿದಳು, ಅಜ್ಜರನ್ನು ಒಂದು ಹೆಜ್ಜೆಯೂ ನಡೆಸದೆ ಸ್ಟ್ರೆಚರಿಗೆ ತೆಗೆದುಕೊಂಡಳು.

ಉಳಿದ ಪ್ರಶ್ನೆಗಳೂ ಹದವಾದ ಸಾಲಿನಲ್ಲಿ ಬರುತ್ತವೆ. ಯಾವ ಔಷಧಿ ಮೈಗೆ ಒಗ್ಗಲ್ಲ, ದಿನಾ ಯಾವ ಮಾತ್ರೆ, ಹಿಂದೆ ಏನಾಗಿತ್ತು, ಕೊನೆಗೆ ಊಟ ಮಾಡಿದ್ದು ಯಾವಾಗ, ಇದು ಶುರುವಾದಾಗ ಏನು ಮಾಡ್ತಿದ್ರಿ. ಮಾತ್ರೆಯ ಹೆಸರು ಯಾರಿಗೂ ನೆನಪಿರುವುದಿಲ್ಲ. ಆದರೆ ದೇವರ ಪಟದ ಹಿಂದಿನಿಂದಲೋ ಟಿವಿಯ ಮೇಲಿನಿಂದಲೋ ಮಾತ್ರೆ ಹಾಳೆಗಳ ಒಂದು ಪ್ಲಾಸ್ಟಿಕ್ ಚೀಲ ಬಂದೇ ಬರುತ್ತದೆ. ಆ ಚೀಲವನ್ನು ಒಂದು ನಿಮಿಷದಲ್ಲಿ ತಿರುವಿ ಸಕ್ಕರೆ ಕಾಯಿಲೆ, ಬಿಪಿ, ಹೃದಯ ಎಂದು ವಿಂಗಡಿಸುವ ಕೈಗಳನ್ನು ನೋಡುವುದೇ ಒಂದು ಸುಖ.

ಈಗ ಬೆರಳುಗಳಿಗೆ ಬರೋಣ.

ಹೆಬ್ಬೆರಳಿನ ಬುಡದಿಂದ ತುಸು ಕೆಳಗೆ, ಮಣಿಕಟ್ಟಿನ ಒಳಮಗ್ಗುಲಲ್ಲಿ, ಎಲುಬಿಗೂ ಸ್ನಾಯುರಜ್ಜುವಿಗೂ ನಡುವೆ ಒಂದು ಮೆತ್ತನೆಯ ತಗ್ಗು. ಅಲ್ಲಿ ಬೆರಳುಗಳನ್ನು ಇಡಬೇಕು, ಒತ್ತಬಾರದು. ಹೆಬ್ಬೆರಳನ್ನಂತೂ ಇಡಲೇಬಾರದು, ಅದರ ಸ್ವಂತ ಬಡಿತ ಮೋಸ ಮಾಡೀತು. ಮೊದಲು ತಿಳಿಯುವುದು ಚರ್ಮ: ಬೆಚ್ಚಗೆ ಒಣಗಿದೆಯೋ, ತಣ್ಣಗೆ ಜಿಗುಟಾಗಿದೆಯೋ. ಆಮೇಲೆ, ನಿಧಾನವಾಗಿ, ಬೆರಳತುದಿಗೆ ಆ ಒಳಗಿನ ತೆರೆ ತಾಗುತ್ತದೆ. ಬೇಗವೋ ನಿಧಾನವೋ, ಸಮವೋ ಕುಂಟೋ, ತುಂಬಿದೆಯೋ ಸೊರಗಿದೆಯೋ, ಎಲ್ಲ ಒಂದೇ ಸಲಕ್ಕೆ. ನಿಮಿಷಕ್ಕೆ 60ರಿಂದ 100ರವರೆಗೆ ಬಡಿಯುವ ಆರೋಗ್ಯವಂತ ನಾಡಿ ಬೆರಳನ್ನು ಮೃದುವಾಗಿ ಎತ್ತಿ ಇಳಿಸುತ್ತದೆ. ರಕ್ತ ಸೋರಿ ಹೋಗುತ್ತಿರುವವರ ನಾಡಿ ಎಳೆದಾರದ ಹಾಗೆ ತೆಳ್ಳಗೆ, ಆತುರಾತುರವಾಗಿ ಓಡುತ್ತದೆ. ಇನ್ನು ಕೆಲವು ನಾಡಿಗಳಲ್ಲಿ ಎರಡು ಬಡಿತಗಳ ನಡುವಿನ ಅಂತರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ನಡುಗುತ್ತಿವೆ ಎಂದು ಬೆರಳು ಅಲ್ಲಿಯೇ ಅನುಮಾನಿಸುತ್ತದೆ, ಮಾನಿಟರು ಅದನ್ನು ಆಮೇಲೆ ಖಚಿತ ಮಾಡುತ್ತದೆ.

ಅದೇ ಕೈಯ ಉಗುರನ್ನು ಐದು ಸೆಕೆಂಡು ಒತ್ತಿ ಬಿಟ್ಟರೆ ಬಿಳಿಚಿದ ಉಗುರಿಗೆ ನಸುಗೆಂಪು ಮರಳಿ ಬರುತ್ತದೆ. ಎರಡು ಸೆಕೆಂಡಿನೊಳಗೆ ಬಂದರೆ ತುದಿಯವರೆಗೂ ರಕ್ತ ತಲುಪುತ್ತಿದೆ. ತಡವಾದರೆ ಆತಂಕ. ಇದಕ್ಕೆ ಯಂತ್ರ ಬೇಡ, ಕರೆಂಟು ಬೇಡ.

ರಕ್ತದೊತ್ತಡ ನೋಡುವುದರಲ್ಲಿಯೂ ಇಂಥದೇ ಸೊಗಸು. ತೋಳಿನ ಪಟ್ಟಿಗೆ ಗಾಳಿ ತುಂಬಿ, ಸ್ಟೆತಾಸ್ಕೋಪನ್ನು ಮೊಣಕೈ ಮಡಿಕೆಗಿಟ್ಟು ಗಾಳಿ ಇಳಿಸುತ್ತಾ ಹೋದರೆ ಮೌನದೊಳಗಿನಿಂದ ಟಪ್ ಟಪ್ ಎಂಬ ಸದ್ದು ಹುಟ್ಟಿ, ಬೆಳೆದು, ಮಸುಕಾಗಿ, ಮಾಯವಾಗುತ್ತದೆ. ಹುಟ್ಟಿದ ಅಂಕಿ ಮೇಲಿನದು, ಮಾಯವಾದ ಅಂಕಿ ಕೆಳಗಿನದು. ಇದನ್ನು 1905ರಲ್ಲಿ ಲೋಕಕ್ಕೆ ಹೇಳಿದವನು ರಷ್ಯಾದ ಸೇನಾವೈದ್ಯ ನಿಕೊಲಾಯ್ ಕೊರೊಟ್ಕಾಫ್. ಆದರೆ ಓಡುವ ಗಾಡಿಯಲ್ಲಿ ಸೈರನ್ನು ಕೂಗುವಾಗ ಆ ಮೆಲುದನಿ ಕೇಳುವುದೆಲ್ಲಿ? ಆಗ ಅನುಭವಿ ಇಎಂಟಿ ಕಿವಿಯನ್ನು ಬಿಟ್ಟು ಬೆರಳನ್ನು ನಂಬುತ್ತಾರೆ. ಮಣಿಕಟ್ಟಿನಲ್ಲಿ ಅಳಿದುಹೋದ ನಾಡಿ ಗಾಳಿ ಇಳಿಯುತ್ತಾ ಬಂದಂತೆ ಯಾವ ಅಂಕಿಯಲ್ಲಿ ಮತ್ತೆ ಚಿಗುರುತ್ತದೋ ಅದೇ ಮೇಲಿನ ಒತ್ತಡ. ಜಪಾನಿನ ತಕುಒ ಅಓಯಾಗಿ 1974ರಲ್ಲಿ ಮಂಡಿಸಿದ ತತ್ತ್ವದ ಮೇಲೆ ನಡೆಯುವ ಪಲ್ಸ್ ಆಕ್ಸಿಮೀಟರು ಈಗ ಎಲ್ಲರ ಬೆರಳಿಗೂ ಬಂದಿದೆ, ಅದರ ಮೇಲೆ ನನಗೂ ಅಪಾರ ಗೌರವ. ಆದರೆ ಬೆರಳು ತಣ್ಣಗಾಗಿದ್ದರೆ ಅದು ತಡವರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಹೊಗೆ ಕುಡಿದವರಿಗೆ ಎಲ್ಲ ಸರಿಯಿದೆ ಎಂಬಂತೆ ಅಂಕಿ ತೋರಿಸುತ್ತದೆ. ಕೋಣೆಯ ಮೂಲೆಯಲ್ಲಿ ಉರಿಯುವ ಅಗ್ಗಿಷ್ಟಿಕೆಯನ್ನು ಕಾಣಬೇಕಾದದ್ದು ಕಣ್ಣೇ.

ತಲೆಗೆ ಪೆಟ್ಟು ಬಿದ್ದವರ ಎಚ್ಚರವನ್ನು ಅಳೆಯಲು 1974ರಲ್ಲೇ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಒಂದು ಅಳತೆಗೋಲು ಕೊಟ್ಟರು. ಅದರ ಈಗಿನ ರೂಪದಲ್ಲಿ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15. ಏನೂ ಇಲ್ಲದವರಿಗೂ 3. "ಏನಪ್ಪಾ ನಿನ್ ಹೆಸ್ರು, ಇವತ್ ಯಾವ ವಾರ?" ಎಂಬ ಸಾದಾ ಪ್ರಶ್ನೆಯಲ್ಲಿ ಇದೆಲ್ಲ ಅಡಗಿದೆ. ಹೊರಡುವಾಗ 14 ಇದ್ದದ್ದು ಇಪ್ಪತ್ತು ನಿಮಿಷದಲ್ಲಿ 11ಕ್ಕೆ ಇಳಿಯಿತೆಂದರೆ ತಲೆಬುರುಡೆಯ ಒಳಗೆ ಏನೋ ಬೆಳೆಯುತ್ತಿರಬಹುದು. ಒಂದು ಸಲ ಅಳೆದದ್ದಕ್ಕಿಂತ ಮತ್ತೆ ಮತ್ತೆ ಅಳೆದದ್ದಕ್ಕೆ ಬೆಲೆ ಹೆಚ್ಚು.

ಚಿಕಿತ್ಸೆಯ ಕೈಚಳಕಗಳಲ್ಲಿ ನನಗೆ ಅತಿ ಸುಂದರವಾಗಿ ಕಾಣುವುದು ದವಡೆ ಎತ್ತುವುದು. ಪ್ರಜ್ಞೆ ತಪ್ಪಿ ಅಂಗಾತ ಮಲಗಿದವರ ನಾಲಿಗೆ ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚುತ್ತದೆ. ಗೊರಗೊರ ಸದ್ದು. ಮನೆಯವರು ನಿದ್ದೆ ಎಂದುಕೊಳ್ಳುವುದೂ ಉಂಟು. ಇಎಂಟಿ ತಲೆಯ ಹಿಂದೆ ಮಂಡಿಯೂರಿ, ಕಿವಿಯ ಕೆಳಗಿನ ದವಡೆಯ ಮೂಲೆಗೆ ಎರಡೂ ಕೈಯ ಬೆರಳು ಕೊಟ್ಟು, ಮೃದುವಾಗಿ, ಕತ್ತು ಅಲುಗದಂತೆ, ಮೇಲಕ್ಕೆತ್ತುತ್ತಾರೆ. ಗೊರಕೆ ನಿಲ್ಲುತ್ತದೆ. ಉಸಿರು ನೀರಿನ ಹಾಗೆ ಸರಾಗ ಹರಿಯುತ್ತದೆ. ಔಷಧಿಯಿಲ್ಲ, ಸೂಜಿಯಿಲ್ಲ, ಒಂದು ಎಲುಬು ಒಂದಂಗುಲ ಮುಂದೆ ಬಂತು ಅಷ್ಟೇ. ಆ ಸದ್ದು ನಿಲ್ಲುವ ಕ್ಷಣವನ್ನು ನಾನು ನೂರಾರು ಸಲ ಕೇಳಿದ್ದೇನೆ, ಇನ್ನೂ ಸಾಕೆನಿಸಿಲ್ಲ.

ಉಸಿರೇ ಸಾಲದಿದ್ದರೆ ಕೈಯಿಂದ ಹಿಸುಕಿ ಗಾಳಿ ಕೊಡುವ ಅಂಬು ಚೀಲ. ಅದನ್ನು ಹಿಡಿಯುವ ಬಗೆಯನ್ನು ಕಲಿಸಲು ನನಗೆ ದಿನಗಳೇ ಬೇಕಾಗುತ್ತಿದ್ದವು. ಹೆಬ್ಬೆರಳು ಮತ್ತು ತೋರುಬೆರಳು ಮಾಸ್ಕಿನ ಮೇಲೆ ಇಂಗ್ಲಿಷಿನ ಸಿ ಅಕ್ಷರವಾಗಬೇಕು. ಉಳಿದ ಮೂರು ದವಡೆಯ ಎಲುಬಿನ ಕೆಳಗೆ ಇ ಅಕ್ಷರವಾಗಿ ಸಾಲುಗೊಳ್ಳಬೇಕು. ಮಾಸ್ಕನ್ನು ಮುಖಕ್ಕೆ ಅದುಮಬಾರದು, ಮುಖವನ್ನು ಮಾಸ್ಕಿಗೆ ಎತ್ತಿ ತರಬೇಕು. ಇದು ಅರ್ಥವಾದ ದಿನ ಹುಡುಗರ ಮುಖ ಬೆಳಗುತ್ತದೆ. ಚೀಲವನ್ನು ಆರು ಸೆಕೆಂಡಿಗೊಮ್ಮೆ, ಒಂದು ಸೆಕೆಂಡಿನಷ್ಟು, ಎದೆ ತುಸು ಏರುವವರೆಗೆ ಮಾತ್ರ ಹಿಸುಕಬೇಕು. ಗಾಬರಿಯ ಕೈ ಬೇಗ ಬೇಗ ಹಿಸುಕುತ್ತದೆ, ಪಳಗಿದ ಕೈ ಕಾಯುತ್ತದೆ. ಹೃದಯ ನಿಂತವರ ಎದೆ ಒತ್ತುವುದರಲ್ಲಿಯೂ ಹೀಗೆಯೇ: ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್, ಮತ್ತು ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡುವ ಆ ಔದಾರ್ಯ. ಹೃದಯಕ್ಕೆ ರಕ್ತ ತುಂಬಿಕೊಳ್ಳುವುದು ಆ ಬಿಡುವಿನಲ್ಲೇ.

ಈ ವಿದ್ಯೆ ವೈದ್ಯರಲ್ಲದವರ ಕೈಗೆ ಬಂದ ಕಥೆಯೂ ನನಗೆ ಇಷ್ಟ. 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಪೀಟರ್ ಸಫಾರ್ ಎಂಬ ಅರಿವಳಿಕೆ ತಜ್ಞರ ಮಾರ್ಗದರ್ಶನದಲ್ಲಿ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆ ಶುರುವಾಯಿತು. ಕೆಲಸವಿಲ್ಲದೆ ಕುಳಿತಿದ್ದ ಹಿಲ್ ಡಿಸ್ಟ್ರಿಕ್ಟ್ ಎಂಬ ಕಪ್ಪುಜನರ ಕೇರಿಯ ಯುವಕರು ಇದನ್ನೆಲ್ಲ ಕಲಿತು, ಬೀದಿಯಲ್ಲಿಯೇ ಚಿಕಿತ್ಸೆ ಕೊಡುವುದು ಹೇಗೆಂದು ದೇಶಕ್ಕೇ ತೋರಿಸಿದರು. ನಮ್ಮ ರಾಜ್ಯದಲ್ಲಿ ಆರೋಗ್ಯ ಕವಚದ 108 ಗಾಡಿಗಳು ಹೊರಟದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಚಾಲಕರನ್ನು ಇಲ್ಲಿ ಪೈಲಟ್ ಎನ್ನುತ್ತಾರೆ. ಅವರ ಕೈಯ ಹದವನ್ನು ಮಲೆನಾಡಿನ ತಿರುವುಗಳಲ್ಲಿ ಹಿಂದೆ ಕೂತು ಅನುಭವಿಸಿದವರಿಗೆ ಆ ಹೆಸರು ಸಲ್ಲುವಂಥದೇ ಎಂದು ಗೊತ್ತು.

ಅಂಥ ಒಂದು ತಿರುವಿನಲ್ಲೇ ನಾನು ಈ ವಿದ್ಯೆಯ ಪೂರ್ಣ ರೂಪ ಕಂಡೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ದಾರಿ, ಮಂಡಗದ್ದೆಯ ಹತ್ತಿರ, ಬೆಳಗಿನ ಜಾವ. ಮಳೆ. ಹಿಂದೆ ಎರಡನೇ ಹೆರಿಗೆಯ ತಾಯಿ, ಅವಳ ಅತ್ತೆ, ನನ್ನ ಹಳೆಯ ವಿದ್ಯಾರ್ಥಿನಿ, ಮತ್ತು ನಾನು. "ಅಣ್ಣಾ, ಗಾಡಿ ಸೈಡಿಗೆ ಹಾಕಿ" ಅಂದಳು ಹುಡುಗಿ. ದನಿ ಏರಲಿಲ್ಲ. ತಲೆ ಕಾಣಿಸಿತು. ಅವಳು ಅಂಗೈಯನ್ನು ಆ ಪುಟ್ಟ ನೆತ್ತಿಯ ಮೇಲೆ ಹೂವಿನಷ್ಟು ಹಗುರವಾಗಿ ಇಟ್ಟಳು. ತಡೆಯಲಿಕ್ಕಲ್ಲ, ತಲೆ ಧಡಕ್ಕನೆ ಹೊರಬಂದು ತಾಯಿಯ ಮೈ ಹರಿಯದಿರಲೆಂದು. "ಈಗ ಒತ್ಬೇಡ ಅಕ್ಕಾ, ಬಾಯಲ್ಲಿ ಉಸ್ರು ಬಿಡು… ಹಾಂ… ಹಂಗೇ." ತಲೆ ಬಂತು. ಬೆರಳು ಕತ್ತಿನ ಸುತ್ತ ಹೊಕ್ಕುಳಬಳ್ಳಿ ಇದೆಯೇ ಎಂದು ಸವರಿ ನೋಡಿತು. ಇರಲಿಲ್ಲ. ಆಮೇಲೆ ಅವಳು ಏನೂ ಮಾಡಲಿಲ್ಲ. ಕಾದಳು. ಮಗುವಿನ ಮುಖ ತಾನಾಗಿ, ಯಾರೂ ಹೇಳದೆ, ನಿಧಾನವಾಗಿ ತಾಯಿಯ ತೊಡೆಯ ಕಡೆಗೆ ತಿರುಗಿತು. ಮೇಲಿನ ಭುಜಕ್ಕೆ ತುಸು ಕೆಳಗೆ ದಾರಿ ತೋರಿದಳು, ಕೆಳಗಿನ ಭುಜಕ್ಕೆ ತುಸು ಮೇಲೆ. ಉಳಿದ ಮೈ ಮೀನಿನ ಹಾಗೆ ಜಾರಿ ಅವಳ ಕೈಗೆ ಬಂತು.

ಒಣಬಟ್ಟೆಯಲ್ಲಿ ಒರೆಸಿದಳು, ಬೆನ್ನು ಉಜ್ಜಿದಳು. ಒಂದು ಗಳಿಗೆ ಮಳೆಯ ಸದ್ದು ಮಾತ್ರ. ಆಮೇಲೆ ಅಳು! ಮಗುವನ್ನು ಹಾಗೆಯೇ ತಾಯಿಯ ಬರಿಯೆದೆಯ ಮೇಲೆ ಕವುಚಿ ಹಾಕಿ, ಮೇಲೊಂದು ಒಣ ಟವಲು ಹೊದಿಸಿದಳು. ತಾಯಿಯ ಮೈಯ ಬಿಸಿಗಿಂತ ಒಳ್ಳೆಯ ಕಾವು ಆ ಹೊತ್ತಿಗೆ ಇನ್ನೊಂದಿಲ್ಲ. ಬಳ್ಳಿಯ ಮಿಡಿತ ನಿಲ್ಲುವವರೆಗೆ ಬೆರಳಲ್ಲಿ ಹಿಡಿದು ಕಾದು, ಎರಡು ಕಡೆ ಕ್ಲಾಂಪು ಹಾಕಿ ನಡುವೆ ಕತ್ತರಿಸಿದಳು. ಬಣ್ಣ, ನಾಡಿ, ಮುಖದ ಚಲನೆ, ಕೈಕಾಲಿನ ಬಿಗಿ, ಉಸಿರು: 1952ರಲ್ಲಿ ವರ್ಜೀನಿಯಾ ಎಪ್ಗರ್ ರೂಪಿಸಿದ ಆ ಐದು ಅಂಶಗಳನ್ನು ಒಂದನೇ ನಿಮಿಷಕ್ಕೊಮ್ಮೆ, ಐದನೇ ನಿಮಿಷಕ್ಕೊಮ್ಮೆ ಲೆಕ್ಕ ಹಾಕಿದಳು. ಮೊದಲು 8, ಆಮೇಲೆ 9. ಅತ್ತೆ ಕಣ್ಣೊರೆಸಿಕೊಂಡು, "ಯಾರ ಮಗಳವ್ವಾ ನೀನು?" ಅಂದರು.

ಆಸ್ಪತ್ರೆಯ ಬಾಗಿಲಲ್ಲಿ ಅವಳು ನರ್ಸಿಗೆ ಹೇಳಿದ ವರದಿ ಅರ್ಧ ನಿಮಿಷದ್ದು. ಎಷ್ಟನೇ ಹೆರಿಗೆ, ಎಷ್ಟು ಗಂಟೆಗೆ, ಮಗುವಿನ ಅಂಕ, ಮಾಸು ಬಿದ್ದಿದೆಯೇ, ರಕ್ತ ಎಷ್ಟು ಹೋಯಿತು, ತಾಯಿಯ ನಾಡಿ ಮತ್ತು ಒತ್ತಡ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ನಾನು ಕೇಳಿದ ಅತಿ ಒಳ್ಳೆಯ ಕನ್ನಡ ಗದ್ಯದಲ್ಲಿ ಆ ಅರ್ಧ ನಿಮಿಷವೂ ಸೇರಿದೆ.

ಓದುತ್ತಿರುವ ನೀವು ಒಂದು ಕೆಲಸ ಮಾಡಿ. ಪತ್ರಿಕೆಯನ್ನು ತೊಡೆಯ ಮೇಲಿಟ್ಟು, ಎಡಗೈಯನ್ನು ಅಂಗೈ ಮೇಲಾಗಿ ಚಾಚಿ, ಬಲಗೈಯ ಮೂರು ಬೆರಳುಗಳನ್ನು ಮಣಿಕಟ್ಟಿನ ಆ ತಗ್ಗಿನಲ್ಲಿ ಇಡಿ. ಒತ್ತಬೇಡಿ. ಬಡಿತ ಬೆರಳಿಗೆ ಬಂದೇ ಬರುತ್ತದೆ. ಬಂದ ಮೇಲೆ ಮೂವತ್ತು ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಎಣಿಕೆ ಮುಗಿದ ಮೇಲೂ ಬೆರಳುಗಳನ್ನು ಸ್ವಲ್ಪ ಹೊತ್ತು ಅಲ್ಲಿಯೇ ಬಿಡಿ.