ಸಲ್ಲಬೇಕಾದ ಬಾಕಿ: ಮೊರೀನ್ ಡಫಿಯವರ ಬರವಣಿಗೆ ಮತ್ತು ಹೋರಾಟ

ಮೊರೀನ್ ಡಫಿಯವರ ‘ದಿ ಮೈಕ್ರೋಕಾಸಂ’ ಕಾದಂಬರಿಯ ಕಥೆಯನ್ನು ಕನ್ನಡದಲ್ಲಿ ಯಾರಿಗಾದರೂ ಹೇಳಹೊರಟರೆ ಆರಂಭದಲ್ಲೇ ನಾಲಿಗೆ ತೊಡರುತ್ತದೆ. ಮ್ಯಾಟ್ ಬಂದನೋ, ಬಂದಳೋ? ಹೆಣ್ಣಾಗಿ ಹುಟ್ಟಿ, ಗಂಡುಡುಗೆ ತೊಟ್ಟು, ಗ್ಯಾರೇಜಿನಲ್ಲಿ ದುಡಿದು, ಹೆಣ್ಣೊಬ್ಬಳೊಡನೆ ಸಂಸಾರ ಹೂಡಿರುವ ಮ್ಯಾಟ್‌ಗೆ ಮೊದಮೊದಲು ಗಂಡಿನ ಸರ್ವನಾಮವೇ ಸಲ್ಲುತ್ತದೆ. ಓದುಗರಿಗೆ ಸಂಗತಿ ತಿಳಿಯುವುದು ನಿಧಾನವಾಗಿ. ಇಂಗ್ಲಿಷಿನಲ್ಲಿ ಸರ್ವನಾಮವೊಂದನ್ನು ಕಾಯ್ದುಕೊಂಡರೆ ಗುಟ್ಟು ಉಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದದ ಬಾಲವೂ ಚಾಡಿ ಹೇಳುತ್ತದೆ. ಆದರೆ ನಮ್ಮಲ್ಲಿ ಇನ್ನೊಂದು ದಾರಿಯೂ ಉಂಟು: ಮ್ಯಾಟ್ ಬಂದರು, ಕುಳಿತರು, ಮಾತಿಗೆ ತೊಡಗಿದರು. ಗೌರವದ ಬಹುವಚನಕ್ಕೆ ಗಂಡು ಹೆಣ್ಣೆಂಬ ಹಂಗಿಲ್ಲ. ಈ ಲೇಖನದಲ್ಲಿ ಮ್ಯಾಟ್ ಅವರನ್ನು ಹಾಗೆಯೇ ಕರೆಯುತ್ತೇನೆ. ಡಫಿ ಬರಹದಲ್ಲೂ ಬೀದಿಯಲ್ಲೂ ಕೇಳುತ್ತ ಬಂದದ್ದು ಹೆಚ್ಚುಕಡಿಮೆ ಇದನ್ನೇ: ಸಲ್ಲಬೇಕಾದ್ದನ್ನು ಮೊದಲು ಸಲ್ಲಿಸಿ, ಯಾರು ಏನು ಎಂಬ ವಿಚಾರಣೆ ಆಮೇಲಿರಲಿ.

ಡಫಿ ಹುಟ್ಟಿದ್ದು 1933ರಲ್ಲಿ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ವರ್ದಿಂಗ್ ಪಟ್ಟಣದಲ್ಲಿ. ಐರಿಷ್ ತಂದೆ ಮಗು ಹಸುಗೂಸಾಗಿದ್ದಾಗಲೇ ಮನೆ ಬಿಟ್ಟರು. ತಾಯಿಗೆ ಕ್ಷಯ. ನಡುವೆ ಯುದ್ಧ. ಮಗಳು ಹದಿಹರೆಯದಲ್ಲಿರುವಾಗಲೇ ತಾಯಿ ತೀರಿಕೊಂಡರು. ಆ ಮನೆತನದಲ್ಲಿ ಕಾಲೇಜು ಕಂಡವರಿರಲಿಲ್ಲ. ಮಗಳು 1956ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಿಂದ ಇಂಗ್ಲಿಷ್ ಪದವಿ ಪಡೆದು ಮೇಷ್ಟ್ರ ಕೆಲಸ ಹಿಡಿದರು. 1962ರ ಮೊದಲ ಕಾದಂಬರಿ ‘ದಟ್ಸ್ ಹೌ ಇಟ್ ವಾಸ್’ ಈ ಬದುಕಿನಿಂದಲೇ ಎದ್ದದ್ದು. ಅಲ್ಲಿ ಮಗಳು ಪ್ಯಾಡಿ, ತಾಯಿ ಲೂಯಿ.

ಬಡತನದ ಆತ್ಮಕಥನ ಬರೆಯುವವರಿಗೆ ಎರಡು ಆಮಿಷಗಳಿರುತ್ತವೆ, ಕಣ್ಣೀರು ಮತ್ತು ಜಂಬ. ಡಫಿ ಎರಡಕ್ಕೂ ಕೈಚಾಚುವುದಿಲ್ಲ. ಬಾಂಬುಗಳು, ಬಾಡಿಗೆ ಕೋಣೆಗಳು, ಕ್ಷಯದ ಆಸ್ಪತ್ರೆ, ಮಲತಂದೆಯ ಮನೆಯ ರಂಪ, ಎಲ್ಲವೂ ಮಗುವಿನ ಕಣ್ಣಿನ ಎತ್ತರದಲ್ಲೇ ಕಾಣುತ್ತವೆ. ಮುಂದೆ ಪ್ಯಾಡಿಗೆ ಶಾಲೆಯ ಶಿಕ್ಷಕಿಯ ಮೇಲೆ ಮನಸ್ಸಾಗುತ್ತದೆ. ತಾಯಿಯ ಮೇಲಿನ ಪ್ರೀತಿಗೂ ಈ ಒಲವಿಗೂ ನಡುವಿನ ಎಳೆ ಕಾಣುವಂತೆ ಬರೆದ ಡಫಿ, ಅದಕ್ಕೆ ರೋಗದ ಹೆಸರಿಡಲು ಹೋಗುವುದಿಲ್ಲ. ಮನೋವೈದ್ಯರು ಇಂಥ ಒಲವನ್ನು ಕಾಯಿಲೆಯೆಂದೇ ಬಗೆಯುತ್ತಿದ್ದ ಕಾಲದಲ್ಲಿ ಹೀಗೆ ವಿವರಣೆ ಕೊಡದೆ ಸುಮ್ಮನಿರುವುದಕ್ಕೂ ಎದೆ ಬೇಕು.

ಎರಡನೆಯ ಹೆಜ್ಜೆ ಇದಕ್ಕಿಂತ ದೊಡ್ಡದು. ಆಗ ಬ್ರಿಟನ್ನಿನ ಕಾನೂನು ಸಲಿಂಗಿ ಗಂಡಸರನ್ನು ಜೈಲಿಗೆ ಹಾಕುತ್ತಿತ್ತು; ಅದು ಒಂದಿಷ್ಟು ಸಡಿಲವಾದದ್ದು 1967ರಲ್ಲಿ. ಹೆಂಗಸರ ಬಗ್ಗೆ ಆ ಕಾನೂನು ತುಟಿ ಬಿಚ್ಚಿರಲಿಲ್ಲ. ಶಿಕ್ಷೆಯಿಲ್ಲ ನಿಜ, ಇರವೇ ಇಲ್ಲ ಎಂಬಂಥ ಮೌನ. ಸಾಹಿತ್ಯದಲ್ಲೂ ಉಳಿದಿದ್ದ ದೊಡ್ಡ ನೆನಪೆಂದರೆ ರ‍್ಯಾಡ್‌ಕ್ಲಿಫ್ ಹಾಲ್ ಅವರ ‘ದಿ ವೆಲ್ ಆಫ್ ಲೋನ್ಲಿನೆಸ್’ ಮತ್ತು 1928ರಲ್ಲಿ ಅದಕ್ಕೆ ಬಿದ್ದ ಅಶ್ಲೀಲತೆಯ ಮುದ್ರೆ. ಡಫಿ ಸಲಿಂಗಿ ಹೆಂಗಸರನ್ನು ಮಾತಾಡಿಸಿ, ಟೇಪಿನಲ್ಲಿ ದಾಖಲಿಸಿಕೊಂಡು, ಅಧ್ಯಯನ ಗ್ರಂಥವೊಂದನ್ನು ಬರೆಯಲು ಹೊರಟಿದ್ದರು. ಅಂಥ ಪುಸ್ತಕಕ್ಕೆ ಪ್ರಕಾಶಕರು ಸಿಗಲಿಲ್ಲ. ಕೇಳಿಸಿಕೊಂಡ ದನಿಗಳನ್ನೇ ಅವರು ಕಾದಂಬರಿಗೆ ಹೊರಳಿಸಿದರು. 1966ರಲ್ಲಿ ‘ದಿ ಮೈಕ್ರೋಕಾಸಂ’ ಬಂತು.

ಚೆಲ್ಸಿಯ ಕಿಂಗ್ಸ್ ರೋಡಿನಿಂದ ಒಳಕ್ಕೆ ತಿರುಗಿದರೆ ಬ್ರಾಮರ್ಟನ್ ಸ್ಟ್ರೀಟ್. ಅಲ್ಲೊಂದು ಹಸಿರು ಬಾಗಿಲು, ಮೆಟ್ಟಿಲಿಳಿದರೆ ನೆಲಮಾಳಿಗೆಯಲ್ಲಿ ಗೇಟ್‌ವೇಸ್ ಕ್ಲಬ್. 1985ರಲ್ಲಿ ಮುಚ್ಚುವವರೆಗೂ ಅದು ಲಂಡನ್ನಿನ ಸಲಿಂಗಿ ಹೆಂಗಸರು ಸೇರುವ ಜಾಗ. ಡಫಿಯವರ ಕಾದಂಬರಿಯಲ್ಲಿ ಅದಕ್ಕೆ ‘ಹೌಸ್ ಆಫ್ ಶೇಡ್ಸ್’ ಎಂಬ ಹೆಸರು. ನೆರಳುಗಳ ಮನೆ ಎನ್ನಿ, ಸತ್ತವರ ಛಾಯೆಗಳು ಸುಳಿಯುವ ಪಾತಾಳ ಎನ್ನಿ, ಎರಡೂ ಹೊಂದುತ್ತವೆ. ಹಗಲೆಲ್ಲ ಬೇರೆ ಬೇರೆ ವೇಷದಲ್ಲಿ ದುಡಿದವರು ಇಲ್ಲಿ ಸೇರುತ್ತಾರೆ: ಶಾಲೆಯಲ್ಲಿ ವ್ಯಾಯಾಮ ಕಲಿಸುವ ಸ್ಟೀವ್, ಲಂಡನ್ನಿಗೆ ಬಂದು ಬಸ್ಸಿನ ಕಂಡಕ್ಟರಾಗುವ ಕ್ಯಾಥಿ, ಇವರನ್ನೆಲ್ಲ ನೋಡುತ್ತ ತರ್ಕಿಸುತ್ತ ಕೂರುವ ಮ್ಯಾಟ್.

ಕಾದಂಬರಿಗೆ ಒಂದೇ ಕಥೆಯಿಲ್ಲ, ಒಂದೇ ಶೈಲಿಯೂ ಇಲ್ಲ. ಒಬ್ಬೊಬ್ಬರ ಅಧ್ಯಾಯಕ್ಕೂ ಅವರವರ ನುಡಿ. ಕೆಲವೆಡೆ ವಿರಾಮಚಿಹ್ನೆಗಳನ್ನೇ ಕೊಚ್ಚಿಕೊಂಡು ಹೋಗುವ ಮನದ ಹರಿವು. ಜಾಯ್ಸ್‌ನನ್ನು ಓದಿದವರ ಕೈ ಎಂದು ಗೊತ್ತಾಗುತ್ತದೆ. ನಡುವೆ ಇದ್ದಕ್ಕಿದ್ದಂತೆ ಹದಿನೆಂಟನೆಯ ಶತಮಾನದ ಗದ್ಯ: ಗಂಡುವೇಷದಲ್ಲಿ ಬದುಕಿದ ನಟಿ ಷಾರ್ಲಟ್ ಚಾರ್ಕ್ ಅವರ ಕಥನ. ಈ ಭಾಗದ ಉದ್ದೇಶ ಸ್ಪಷ್ಟ. ನಾವು ನಿನ್ನೆ ಮೊನ್ನೆ ಹುಟ್ಟಿದವರಲ್ಲ, ನಮಗೂ ಹಿರೀಕರಿದ್ದಾರೆ ಎಂದು ಹೇಳಬೇಕಿತ್ತು. ವಾದ ಒಪ್ಪುವಂಥದೇ. ಆದರೆ ಕಾದಂಬರಿ ಅಲ್ಲಿ ನಿಂತುಬಿಡುತ್ತದೆ. ಕ್ಲಬ್ಬಿನ ಬಿಸಿಯುಸಿರಿನಿಂದ ಎಬ್ಬಿಸಿಕೊಂಡು ಹೋಗಿ ಗ್ರಂಥಾಲಯದ ಬೆಂಚಿನ ಮೇಲೆ ಕೂರಿಸಿದಂತಾಗುತ್ತದೆ. ಮ್ಯಾಟ್ ಅವರ ಚರ್ಚೆಗಳೂ ಹಲವು ಕಡೆ ಪ್ರಬಂಧವಾಗಿ, ಪಾತ್ರದ ಬಾಯಿ ಲೇಖಕಿಯ ಧ್ವನಿವರ್ಧಕವಾಗುತ್ತದೆ.

ಮದುವೆಯೊಳಗೆ ಸಿಕ್ಕಿಬಿದ್ದ ಮಾರೀ ಎಂಬ ಗೃಹಿಣಿಯ ಸ್ವಗತ ಇದಕ್ಕೆ ಪೂರ್ತಿ ತದ್ವಿರುದ್ಧ. ತನಗೇನಾಗಿದೆ ಎಂದು ಹೇಳಲು ಅವಳಲ್ಲಿ ಪದವೇ ಇಲ್ಲ. ಕ್ಲಬ್ಬು ಗೊತ್ತಿಲ್ಲ, ತನ್ನಂಥವರಿಗೆ ಹೆಸರುಂಟು ಎಂಬುದೂ ಗೊತ್ತಿಲ್ಲ. ಮನೆಗೆಲಸ, ಗಂಡನ ಹಾಸಿಗೆ, ಉಸಿರುಗಟ್ಟುವ ದಿನಚರಿ, ಇವುಗಳ ಸುತ್ತ ಮಾತು ಗಾಣದ ಎತ್ತಿನ ಹಾಗೆ ಸುತ್ತುತ್ತದೆ. ಮೌನವನ್ನು ಮಾತಿನಲ್ಲೇ ಕೇಳಿಸುವ ಕಷ್ಟದ ಕೆಲಸ ಅಲ್ಲಿ ಕೈಗೂಡಿದೆ. ಪದಗಳೇ ಬಂಡವಾಳವಾದ ಮ್ಯಾಟ್‌ಗಿಂತ ಪದವಿಲ್ಲದ ಮಾರೀ ನಮ್ಮೊಳಗೆ ಹೆಚ್ಚು ಕಾಲ ನಿಲ್ಲುತ್ತಾಳೆ. ಡಫಿಯವರ ಶಕ್ತಿ ಇರುವುದು ಕಿವಿಯಲ್ಲಿ.

ಕೊನೆಗೆ ಮ್ಯಾಟ್ ಕಂಡುಕೊಳ್ಳುವ ಸತ್ಯ ಕಾದಂಬರಿಯ ಹೆಸರನ್ನೇ ಅಳಿಸುತ್ತದೆ. ಮೈಕ್ರೋಕಾಸಂ ಎಂದರೆ ಕಿರುಜಗತ್ತು. ಅಂಥ ಪ್ರತ್ಯೇಕ ಕಿರುಜಗತ್ತು ಎಲ್ಲೂ ಇಲ್ಲ, ನೆಲಮಾಳಿಗೆಯವರೂ ಮೇಲಿನವರೂ ಒಂದೇ ಸಮಾಜದ ಹೆಣಿಗೆಯಲ್ಲಿದ್ದಾರೆ ಎಂಬ ಅರಿವಿನೊಂದಿಗೆ ಮ್ಯಾಟ್ ಹೊರಗಿನ ಬೆಳಕಿಗೆ ಮುಖಮಾಡುತ್ತಾರೆ. ಡಫಿಯವರ ಮುಂದಿನ ಹೋರಾಟಗಳ ಬೇರು ಇಲ್ಲಿದೆ. ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡ ಮೊದಲ ಬ್ರಿಟಿಷ್ ಲೇಖಕಿಯರಲ್ಲಿ ಒಬ್ಬರಾದ ಅವರು ತಮ್ಮ ಗುಂಪಿನ ಬೇಲಿಯೊಳಗೆ ಕೂರಲಿಲ್ಲ.

ಅದೇ ಅರಿವಿನ ಕರಾಳ ಮುಖ ‘ರೈಟ್ಸ್’ ನಾಟಕದಲ್ಲಿದೆ. 1969ರಲ್ಲಿ ನ್ಯಾಷನಲ್ ಥಿಯೇಟರ್ ತಂಡ ರಂಗಕ್ಕೆ ತಂದ ಈ ಏಕಾಂಕದಲ್ಲಿ ಯೂರಿಪಿಡೀಸನ ‘ಬಾಕೇ’ ಒಂದು ಹೆಂಗಸರ ಸಾರ್ವಜನಿಕ ಶೌಚಾಲಯಕ್ಕೆ ಇಳಿದು ಬಂದಿದೆ. ಕನ್ನಡಿಯ ಮುಂದೆ ತುಟಿಗೆ ಬಣ್ಣ ಹಚ್ಚುತ್ತ ಹೆಂಗಸರು ಗಂಡಸರನ್ನು ಆಡಿಕೊಳ್ಳುತ್ತಾರೆ. ನಗು ಬರಬರುತ್ತ ಹಸಿ ರೋಷವಾಗುತ್ತದೆ. ಸೂಟು ತೊಟ್ಟ ಆಕೃತಿಯೊಂದು ಕಾಣಿಸಿದ್ದೇ ತಡ, ಗಂಡಸು ಒಳನುಗ್ಗಿದನೆಂದು ಎಲ್ಲರೂ ಮೇಲೆ ಬಿದ್ದು ಕೊಲ್ಲುತ್ತಾರೆ. ಆಮೇಲೆ ನೋಡಿದರೆ ಅದು ಹೆಣ್ಣು. ಗಂಡಿನ ಮೇಲಿನ ಸಿಟ್ಟು ಕಣ್ಣು ಕಾಣದಾದಾಗ ಮೊದಲು ಬಲಿಯಾಗುವುದು ಮ್ಯಾಟ್‌ರಂಥವರು ಎಂದು ಒಬ್ಬ ಸ್ತ್ರೀವಾದಿ ಲೇಖಕಿ ಆ ಕಾಲದಲ್ಲೇ ತನ್ನವರನ್ನು ಎಚ್ಚರಿಸಿದ್ದಾರೆ. ಡಫಿಯವರ ಕೃತಿಗಳಲ್ಲಿ ಇಷ್ಟು ಬಿಗಿಯಾದದ್ದು ಇನ್ನೊಂದಿಲ್ಲ. ಮಾತು ವಾದವಾಗುವ ಮೊದಲೇ ಕೃತ್ಯ ಮುಗಿದಿರುತ್ತದೆ.

1971ರ ‘ಲವ್ ಚೈಲ್ಡ್’ನಲ್ಲಿ ಕಥೆ ಹೇಳುವ ಕಿಟ್ ಎಂಬ ಮಗು ಗಂಡೋ ಹೆಣ್ಣೋ ಎಂದು ಕೊನೆಯವರೆಗೂ ತಿಳಿಯುವುದಿಲ್ಲ. 1983ರ ‘ಲಂಡನರ್ಸ್’ನ ನಿರೂಪಕರದೂ ಅದೇ ಬಗೆ. ‘ನಾನು ಬಂದೆ’ ಎನ್ನುವಾಗ ಕನ್ನಡದ ಕ್ರಿಯಾಪದವೂ ಗಂಡು ಹೆಣ್ಣು ಬಿಟ್ಟುಕೊಡದು. ಹಾಗಾಗಿ ಈ ತಂತ್ರ ನಮಗೆ ಅಷ್ಟೇನೂ ಅಪರಿಚಿತವಲ್ಲ. ಗಂಡಸಿನ ಪ್ರೀತಿ, ಹೆಂಗಸಿನ ಪ್ರೀತಿ ಎಂದು ನಾವು ಮೊದಲೇ ಕಟ್ಟಿಟ್ಟುಕೊಂಡ ಖಾನೆಗಳು ಇಲ್ಲಿ ಕೈಕೊಡುತ್ತವೆ ಎಂಬುದು ಲಾಭ. ಆದರೆ ‘ಲವ್ ಚೈಲ್ಡ್’ನಲ್ಲಿ ಕುತೂಹಲವೆಲ್ಲ ಒಗಟು ಬಿಡಿಸುವುದಕ್ಕೇ ಖರ್ಚಾಗಿ, ಕಿಟ್‌ನ ಹೊಟ್ಟೆಕಿಚ್ಚಿನ ಉರಿ ನಮ್ಮನ್ನು ಪೂರ್ತಿ ತಾಕುವುದಿಲ್ಲ.

1977 ಅವರ ಬದುಕಿನಲ್ಲಿ ದೊಡ್ಡ ವರ್ಷ. ‘ಗೇ ನ್ಯೂಸ್’ ಪತ್ರಿಕೆ, ಶಿಲುಬೆಯ ಮೇಲಿನ ಕ್ರಿಸ್ತನ ಕುರಿತು ಜೇಮ್ಸ್ ಕರ್ಕಪ್ ಬರೆದ ಕವಿತೆಯೊಂದನ್ನು ಅಚ್ಚುಮಾಡಿತ್ತು. ಮೇರಿ ವೈಟ್‌ಹೌಸ್ ಹೂಡಿದ ಧರ್ಮನಿಂದನೆಯ ಮೊಕದ್ದಮೆಯಲ್ಲಿ ಓಲ್ಡ್ ಬೈಲಿ ನ್ಯಾಯಾಲಯ ಸಂಪಾದಕ ಡೆನಿಸ್ ಲೆಮನ್ ಅವರನ್ನು ತಪ್ಪಿತಸ್ಥರೆಂದು ಸಾರಿತು. ಡಫಿ ಲಾವಣಿಯ ಧಾಟಿ ಹಿಡಿದು ‘ದಿ ಬ್ಯಾಲಡ್ ಆಫ್ ದಿ ಬ್ಲಾಸ್ಫೆಮಿ ಟ್ರಯಲ್’ ಬರೆದರು. ಬೀದಿಯಲ್ಲಿ ಹಾಡಿ ಹಂಚುವ ಹಳೆಯ ಪ್ರಕಾರವನ್ನು ಅವರು ಆರಿಸಿಕೊಂಡದ್ದರಲ್ಲೇ ಜಾಣ್ಮೆಯಿದೆ: ನ್ಯಾಯಾಲಯ ಕವಿತೆಯ ಬಾಯಿ ಮುಚ್ಚಿಸಿದರೆ ಕವಿತೆ ಸಂತೆಗೆ ಇಳಿಯುತ್ತದೆ. ಇಂಗ್ಲೆಂಡಿನಲ್ಲಿ ಧರ್ಮನಿಂದನೆಯ ಆ ಕಾನೂನು ರದ್ದಾಗಲು 2008 ಬರಬೇಕಾಯಿತು.

1977ರಲ್ಲೇ ಬಂದದ್ದು ಏಫ್ರಾ ಬೆನ್ ಅವರ ಜೀವನಚರಿತ್ರೆ ‘ದಿ ಪ್ಯಾಷನೇಟ್ ಷೆಪರ್ಡೆಸ್’. ಹದಿನೇಳನೆಯ ಶತಮಾನದಲ್ಲಿ ಬರವಣಿಗೆಯಿಂದಲೇ ಹೊಟ್ಟೆ ಹೊರೆದ ಈ ಇಂಗ್ಲಿಷ್ ಹೆಂಗಸಿಗೆ ವರ್ಜೀನಿಯಾ ವುಲ್ಫ್ ಎಂದೋ ಕೃತಜ್ಞತೆ ಹೇಳಿದ್ದರು. ಡಫಿ ಒಂದು ಹೆಜ್ಜೆ ಮುಂದೆ ಹೋಗಿ ದಫ್ತರಗಳ ಧೂಳು ಕೊಡವಿದರು. ದಂತಕಥೆಯಾಗಿದ್ದವರಿಗೆ ಊರು, ಮನೆತನ, ಸಾಲ, ಸಂಪಾದನೆ ಕೊಟ್ಟರು. ಬರೆದದ್ದಕ್ಕೆ ಕೂಲಿ ಕೇಳುವುದರಲ್ಲಿ ಅವಮಾನವಿಲ್ಲ ಎಂಬುದು ಆ ಪುಸ್ತಕದ ಒಳದನಿ. ಆ ಹೊತ್ತಿಗೆ ಡಫಿ ಸ್ವತಃ ಅದೇ ಕೂಲಿಗಾಗಿ ಸಂಸತ್ತಿನ ಬಾಗಿಲು ಬಡಿಯುತ್ತಿದ್ದರು.

ಗ್ರಂಥಾಲಯ ಒಂದು ಪ್ರತಿ ಕೊಂಡು ನೂರು ಜನಕ್ಕೆ ಕೊಡುತ್ತದೆ. ಬರೆದವರಿಗೆ ಸಿಗುವುದು ಒಂದೇ ಪ್ರತಿಯ ಗೌರವಧನ. ಒಂದೊಂದು ಎರವಲಿಗೂ ಒಂದು ಪೆನ್ನಿ ಕೊಡಿ ಎಂದು ಕಾದಂಬರಿಕಾರ ಜಾನ್ ಬ್ರೋಫಿ 1951ರಲ್ಲೇ ಕೇಳಿದ್ದರು. ಅವರ ಮಗಳು ಲೇಖಕಿ ಬ್ರಿಜಿಡ್ ಬ್ರೋಫಿ ಮತ್ತು ಡಫಿ ಇನ್ನು ಕೆಲವರೊಡನೆ 1972ರಲ್ಲಿ ‘ರೈಟರ್ಸ್ ಆ್ಯಕ್ಷನ್ ಗ್ರೂಪ್’ ಕಟ್ಟಿದರು. ಹೋರಾಟದ ಸೂಕ್ಷ್ಮ ಒಂದಿದೆ. ಗ್ರಂಥಾಲಯಗಳು ಕೊಂಡ ಪ್ರತಿಗಳ ಲೆಕ್ಕದಲ್ಲಿ ಹಣ ಹಂಚುವ ಸುಲಭದ ದಾರಿಯೂ ಚರ್ಚೆಯಲ್ಲಿತ್ತು. ಇವರು ಅದಕ್ಕೆ ಒಪ್ಪದೆ ಎರವಲಿನ ಲೆಕ್ಕವೇ ಆಗಬೇಕೆಂದು ಪಟ್ಟುಹಿಡಿದರು. ಕೊಳ್ಳುವುದು ಅಧಿಕಾರಿಗಳ ತೀರ್ಮಾನ, ಎರವಲು ಓದುಗರ ತೀರ್ಮಾನ. ಪತ್ತೇದಾರಿ ಬರೆದವರೂ ಗಂಭೀರ ಕಾವ್ಯ ಬರೆದವರೂ ಅಲ್ಲಿ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ.

ಮಸೂದೆ ಸಲೀಸಾಗಿ ದಾಟಲಿಲ್ಲ. ಮಾತಿಗೆ ಮಾತು ಬೆಳೆಸಿ ಹೊತ್ತು ಕಳೆಯುವ ಸಂಸದರು ಅದನ್ನು ಮುಳುಗಿಸಿದ್ದೂ ಉಂಟು. ಕೊನೆಗೆ 1979ರ ಮಾರ್ಚಿನಲ್ಲಿ, ಕ್ಯಾಲಹನ್ ಸರ್ಕಾರ ಅವಿಶ್ವಾಸ ಮತದಲ್ಲಿ ಉರುಳುವ ಕೆಲವೇ ದಿನ ಮುಂಚೆ, ಸಾರ್ವಜನಿಕ ಎರವಲು ಹಕ್ಕಿನ ಕಾಯ್ದೆ ಅಂಕಿತ ಪಡೆಯಿತು. ಮೊದಲ ಹಣ ಲೇಖಕರ ಕೈಸೇರಿದ್ದು 1984ರಲ್ಲಿ, ಎರವಲಿಗೆ ಸುಮಾರು ಒಂದು ಪೆನ್ನಿಯಂತೆ. ಜನಪ್ರಿಯರೇ ಎಲ್ಲ ಬಾಚಿಕೊಳ್ಳದಂತೆ ಒಬ್ಬರಿಗೆ ಇಷ್ಟೇ ಎಂಬ ಮಿತಿಯೂ ಇತ್ತು. ನೆರಳಚ್ಚು ಪ್ರತಿಗಳಿಂದ ಬರಬೇಕಾದ ಹಣವನ್ನು ವಸೂಲುಮಾಡಿ ಲೇಖಕರಿಗೆ ಹಂಚುವ ಸಂಘವನ್ನು 1977ರಲ್ಲಿ ಕಟ್ಟಿದವರಲ್ಲೂ ಡಫಿ ಒಬ್ಬರು.

ಪ್ರಾಣಿಗಳ ಪರವಾಗಿಯೂ ಅವರು ಇದೇ ಲೆಕ್ಕ ಕೇಳಿದರು. ಗೊರಿಲ್ಲಾ ಮತ್ತು ಮನುಷ್ಯನ ಬೆರಕೆಯಾಗಿ ಪ್ರಯೋಗಾಲಯದಲ್ಲಿ ಹುಟ್ಟಿದ ಗೋರ್‌ನ ಕಥೆ ‘ಗೋರ್ ಸಾಗಾ’ 1981ರದು. ಬಿಬಿಸಿಯಲ್ಲಿ 1988ರಲ್ಲಿ ಧಾರಾವಾಹಿಯಾಗಿಯೂ ಬಂತು. ನಮ್ಮವರು ಎನ್ನಲು ಎಷ್ಟು ಪಾಲು ಮನುಷ್ಯರಾಗಿರಬೇಕು ಎಂಬ ಪ್ರಶ್ನೆ ಮೊನಚಾದದ್ದೇ. ಆದರೆ ಇಲ್ಲಿ ಪ್ರಶ್ನೆ ಮೊದಲು ಹುಟ್ಟಿ, ಪಾತ್ರಗಳು ಆಮೇಲೆ ಕೆಲಸಕ್ಕೆ ಬಂದಂತಿವೆ. ಕಿವಿಗೊಟ್ಟು ಬರೆದಾಗ ಡಫಿ ದೊಡ್ಡ ಲೇಖಕಿ. ಫಲಕ ಹಿಡಿದು ಬರೆದಾಗ ಒಳ್ಳೆಯ ಕಾರ್ಯಕರ್ತೆ.

ನನ್ನ ಲೆಕ್ಕದಲ್ಲಿ ಉಳಿಯುವಂಥವು ಮೂರು: ತಾಯಿ ಲೂಯಿಯ ಕಾದಂಬರಿ, ‘ರೈಟ್ಸ್’ ನಾಟಕ, ಕುಂದುಗಳನ್ನು ಒಪ್ಪಿಕೊಂಡೂ ‘ದಿ ಮೈಕ್ರೋಕಾಸಂ’. ಓದುವವರು ಮೊದಲನೆಯದರಿಂದ ತೊಡಗಲಿ. ಮಾರೀಯ ದನಿ ಯಾವ ಮನೆಯಿಂದ ಬಂತೆಂದು ಅಲ್ಲಿ ತಿಳಿಯುತ್ತದೆ. ನಾಲ್ಕನೆಯ ಕೃತಿಯನ್ನು ಅವರು ಹಲವರೊಡನೆ ಕೂಡಿ ಬರೆದರು, ಅದು ಬ್ರಿಟನ್ನಿನ ಶಾಸನಗ್ರಂಥದಲ್ಲಿದೆ. ಡಫಿಯವರ ಹೆಸರನ್ನೇ ಕೇಳದ ಲೇಖಕರಿಗೂ ಅದರ ಹಣ ವರ್ಷ ವರ್ಷ ತಲುಪುತ್ತಿದೆ.