ಆ್ಯಂಟನಿ ಕ್ವಿನ್: ಪರರ ಮುಖ ತೊಟ್ಟ ನಟ

ನೀವು 'ದಿ ಮೆಸೇಜ್' ನೋಡಿದ್ದೀರಾ? ನಲವತ್ತು ದಾಟಿದವರಾದರೆ ನೋಡಿಯೇ ಇರುತ್ತೀರಿ. ನಾನು ಮೊದಲು ನೋಡಿದ್ದು ಮುಂಬೈಯ ಒಂದು ರೂಮಿನಲ್ಲಿ, ಬಾಡಿಗೆಗೆ ತಂದ ವಿಸಿಆರ್‌ನಲ್ಲಿ. ಊರಿನ ಹದಿನೈದು ಇಪ್ಪತ್ತು ಜನ ಒತ್ತೊತ್ತಾಗಿ ಕೂತಿದ್ದೆವು. ಉಹುದ್ ಕಾಳಗದಲ್ಲಿ ಹಝ್ರತ್ ಹಂಝಾರ(ರ) ಮೈಗೆ ಈಟಿ ನಾಟಿದಾಗ ಯಾರೂ ಉಸಿರೆತ್ತಲಿಲ್ಲ. ಚಿತ್ರ ಮುಗಿದ ಮೇಲೆ ಹಿರಿಯರೊಬ್ಬರು ಕಣ್ಣೊರೆಸಿಕೊಂಡು ಕೇಳಿದರು: "ಈ ನಟ ಎಲ್ಲಿಯವನು? ಅರಬನಾ?"

ಯಾರಿಗೂ ಗೊತ್ತಿರಲಿಲ್ಲ. ಉತ್ತರ ನನಗೆ ಸಿಕ್ಕಿದ್ದು ಎಷ್ಟೋ ವರ್ಷದ ನಂತರ. ಅವನು ಅರಬನಲ್ಲ, ಮುಸ್ಲಿಮನೂ ಅಲ್ಲ. ಹೆಸರು ಆ್ಯಂಟನಿ ಕ್ವಿನ್. ಹುಟ್ಟಿದ್ದು 1915ರಲ್ಲಿ, ಮೆಕ್ಸಿಕೋದ ಚಿವಾವಾದಲ್ಲಿ, ಕ್ರಾಂತಿಯ ಗಲಾಟೆಯ ನಡುವೆ. ತಂದೆಯ ಕಡೆ ಐರಿಷ್ ರಕ್ತ, ತಾಯಿ ಮೆಕ್ಸಿಕೋದವಳು. ಆ ಹಿರಿಯರ ಪ್ರಶ್ನೆಯನ್ನು ಮಾತ್ರ ನಾನಿನ್ನೂ ಬಿಟ್ಟಿಲ್ಲ. ನಮ್ಮವರ ಮುಖವನ್ನು ಹೊರಗಿನವನೊಬ್ಬ ತೊಟ್ಟಾಗ ನಾವು ಅವನನ್ನು ಹೇಗೆ ಅಳೆಯಬೇಕು?

ಮೊದಲು ಅವನ ದಾರಿ ನೋಡಿ. ಗಡಿ ದಾಟಿ ಅಮೆರಿಕಕ್ಕೆ ಬಂದ ಬಡ ಕುಟುಂಬ, ಲಾಸ್ ಏಂಜಲೀಸ್‌ನ ವಲಸೆಗಾರರ ಕೇರಿ. ಹುಡುಗನಾಗಿರುವಾಗಲೇ ತಂದೆ ತೀರಿಕೊಂಡರು. ಬೂಟು ಪಾಲಿಶ್ ಮಾಡಿದ, ದುಡ್ಡಿಗಾಗಿ ಬಾಕ್ಸಿಂಗ್ ಆಡಿದ. ವಾಸ್ತುಶಿಲ್ಪಿ ಆಗಬೇಕೆಂದು ಹೆಸರಾಂತ ಫ್ರಾಂಕ್ ಲಾಯ್ಡ್ ರೈಟ್ ಬಳಿ ಕಲಿಯಲು ಹೋದ. ಮಾತಿನಲ್ಲಿ ತೊಡಕಿತ್ತು. ಅದನ್ನು ಸರಿಪಡಿಸಿಕೋ ಎಂದು ರೈಟ್ ಹೇಳಿದ್ದರಿಂದ ನಾಲಗೆಗೆ ಶಸ್ತ್ರಚಿಕಿತ್ಸೆ ಆಯಿತು, ಮಾತು ತಿದ್ದಿಕೊಳ್ಳಲು ನಟನೆಯ ತರಗತಿಗೆ ಸೇರಿದ. ಕಟ್ಟಡ ಅಲ್ಲಿಗೇ ನಿಂತಿತು, ನಟನೆ ಉಳಿಯಿತು.

1936ರಲ್ಲಿ ಸಿನಿಮಾಕ್ಕೆ ಬಂದಾಗ ಹಾಲಿವುಡ್ ಅವನಿಗೆ ಕೊಟ್ಟಿದ್ದೇನು? ಮೂಲನಿವಾಸಿ ಇಂಡಿಯನ್, ದರೋಡೆಕೋರ, ಗೂಂಡಾ, ಚೀನೀಯ, ಫಿಲಿಪೈನ್ಸಿನ ಗೆರಿಲ್ಲಾ. ಮೈಬಣ್ಣ ಸ್ವಲ್ಪ ಕಂದು ಅಂದರೆ ಆಯಿತು, ಭೂಮಿಯ ಮೇಲಿನ ಯಾವ 'ಪರಕೀಯ'ನ ಪಾತ್ರವನ್ನಾದರೂ ಅವನಿಗೆ ಅಂಟಿಸಬಹುದಿತ್ತು. 1937ರಲ್ಲಿ ದೊಡ್ಡ ನಿರ್ದೇಶಕ ಸಿಸಿಲ್ ಬಿ. ಡಿಮಿಲ್‌ನ ಸಾಕುಮಗಳನ್ನೇ ಮದುವೆಯಾದ. ಆದರೂ ವರ್ಷಗಟ್ಟಲೆ ನಾಯಕನ ಪಾತ್ರ ದೂರವೇ ಉಳಿಯಿತು.

'ವಿವಾ ಝಪಾಟಾ!' (1952) ಚಿತ್ರವನ್ನೇ ತಗೊಳ್ಳಿ. ಮೆಕ್ಸಿಕೋದ ರೈತ ನಾಯಕ ಝಪಾಟಾನ ಪಾತ್ರ ಮೇಕಪ್ ಹಚ್ಚಿಕೊಂಡ ಮರ್ಲಾನ್ ಬ್ರಾಂಡೋಗೆ ಹೋಯಿತು. ಮೆಕ್ಸಿಕೋದಲ್ಲೇ ಹುಟ್ಟಿದ ಕ್ವಿನ್‌ಗೆ ಸಿಕ್ಕಿದ್ದು ಅಣ್ಣನ ಪಾತ್ರ. ಪೋಷಕ ನಟನ ಆಸ್ಕರ್ ಗೆದ್ದವನು ಮಾತ್ರ ಕ್ವಿನ್. 'ಲಸ್ಟ್ ಫಾರ್ ಲೈಫ್'ನಲ್ಲಿ (1956) ಚಿತ್ರಕಾರ ಗೋಗ್ಯಾನ್ ಆಗಿ ಎರಡನೇ ಆಸ್ಕರ್ ಬಂತು. ಅದಕ್ಕೂ ಮೊದಲು ಇಟಲಿಯಲ್ಲಿ ಫೆಲಿನಿಯ 'ಲಾ ಸ್ಟ್ರಾಡಾ' (1954), ಎದೆಗೆ ಕಟ್ಟಿದ ಸರಪಳಿ ಹರಿಯುವ ಬೀದಿ ಜಟ್ಟಿ. ಆಮೇಲೆ 'ಝೋರ್ಬಾ ದಿ ಗ್ರೀಕ್' (1964). ಇಂದಿಗೂ ಗ್ರೀಕ್ ಮನುಷ್ಯ ಅಂದರೆ ಲೋಕಕ್ಕೆ ನೆನಪಾಗುವುದು ಈ ಮೆಕ್ಸಿಕನ್ ಕುಣಿದ ಕುಣಿತ!

ಈಗ ಅವನ ಮೂರು ಅರಬ್ ಪಾತ್ರಗಳನ್ನು ಸಾಲಾಗಿ ಇಟ್ಟು ನೋಡೋಣ.

ಮೊದಲನೆಯದು 'ಲಾರೆನ್ಸ್ ಆಫ್ ಅರೇಬಿಯಾ' (1962). ಕ್ವಿನ್ ಇಲ್ಲಿ ಬುಡಕಟ್ಟಿನ ನಾಯಕ ಔದಾ ಅಬೂ ತಾಯಿ. ಅಂಟಿಸಿದ ಮೂಗು, ಗುಡುಗುವ ದನಿ. ಅಕಬಾ ಗೆದ್ದ ಮೇಲೆ ಚಿನ್ನ ಹುಡುಕುತ್ತಾನೆ, ಕಾಗದದ ನೋಟು ಸಿಕ್ಕಿದ್ದಕ್ಕೆ ಕೆರಳುತ್ತಾನೆ. ನೋಡಲು ಮಜಾ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಈ ಅರಬ ಪಶ್ಚಿಮದ ಕಣ್ಣಿನಲ್ಲಿ ಮೊದಲೇ ಕುಳಿತಿದ್ದವನು: ಶೂರ, ದುರಾಸೆಯವ, ದೊಡ್ಡ ಮಗು. ಅದೇ ಚಿತ್ರದಲ್ಲಿ ಈಜಿಪ್ಟಿನ ಒಮರ್ ಶರೀಫ್ ಇದ್ದಾರೆ. ಅವರು ಸುಮ್ಮನೆ ನಿಂತರೂ ಒಬ್ಬ ಮನುಷ್ಯ ಕಾಣುತ್ತಾನೆ. ಕ್ವಿನ್ ಕೂಗಿದರೂ ವೇಷವೇ ಕಾಣುತ್ತದೆ.

ಎರಡನೆಯದು ಸಿರಿಯಾ ಮೂಲದ ಮುಸ್ತಫಾ ಅಕ್ಕಾದ್ ನಿರ್ದೇಶಿಸಿದ 'ದಿ ಮೆಸೇಜ್' (1976). ಪ್ರವಾದಿಯವರನ್ನು(ಸ) ಇಲ್ಲಿ ತೋರಿಸುವುದಿಲ್ಲ, ಅವರ ದನಿಯನ್ನೂ ಕೇಳಿಸುವುದಿಲ್ಲ. ಅವರೊಂದಿಗೆ ಮಾತಾಡುವವರು ಕ್ಯಾಮರಾವನ್ನೇ ನೋಡಿ ಮಾತಾಡಬೇಕು. ನಟನಿಗೆ ಇದೆಷ್ಟು ಕಷ್ಟ ಯೋಚಿಸಿ. ಎದುರಿಗೆ ಮುಖವಿಲ್ಲ, ಮರುಮಾತಿಲ್ಲ, ಆದರೂ ಕೇಳಿಸಿಕೊಂಡಂತೆ ಇರಬೇಕು. ಕ್ವಿನ್ ಇಲ್ಲಿ ಆರ್ಭಟ ಬಿಟ್ಟ. ಬೇಟೆಯಿಂದ ಬಂದು ಅಬೂಜಹಲ್‌ನ ಎದುರು ನಿಲ್ಲುವಾಗ ಸಿಂಹವೇ, ನಿಜ. ಆದರೆ ಕ್ಯಾಮರಾ ಕಡೆ ತಿರುಗಿದಾಗ ಕಣ್ಣು ಮೆತ್ತಗಾಗುತ್ತದೆ, ಕತ್ತು ತುಸು ಬಾಗುತ್ತದೆ. ನಾವು ನೋಡದವರನ್ನು ಅವನು ನೋಡುತ್ತಿದ್ದಾನೆ ಅನಿಸುತ್ತದೆ. ಆ ರೂಮಿನಲ್ಲಿ ಹಿರಿಯರ ಕಣ್ಣು ತುಂಬಿಸಿದ್ದು ಈ ಅದಬು ಅಂತ ನನಗನಿಸುತ್ತದೆ.

ಇದೇ ಚಿತ್ರದ ಸುತ್ತ ನಮ್ಮವರಿಂದಲೇ ಆದ ಒಂದು ತಪ್ಪನ್ನೂ ಹೇಳಲೇಬೇಕು. ಕ್ವಿನ್ ಪ್ರವಾದಿಯವರ ಪಾತ್ರವನ್ನೇ ಮಾಡಿದ್ದಾನೆ ಅಂತ ಗಾಳಿಸುದ್ದಿ ಹಬ್ಬಿತು. 1977ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಹನಫಿ ಗುಂಪೊಂದು ಮೂರು ಕಟ್ಟಡಗಳಿಗೆ ನುಗ್ಗಿ ನೂರಕ್ಕೂ ಹೆಚ್ಚು ಜನರನ್ನು ಒತ್ತೆ ಇಟ್ಟುಕೊಂಡಿತು. ಗುಂಪಿನ ನಾಯಕನ ಮನೆಯವರ ಕೊಲೆ 1973ರಲ್ಲಿ ಆಗಿತ್ತು. ಮುಖ್ಯ ಸಿಟ್ಟು ಅದು. ಆದರೆ ಈ ಚಿತ್ರ ನಿಲ್ಲಿಸಿ ಎಂಬ ಬೇಡಿಕೆಯೂ ಜೊತೆಗಿತ್ತು. ಯುವ ಪತ್ರಕರ್ತನೊಬ್ಬ ಸತ್ತ. ಕೊನೆಗೆ ಈಜಿಪ್ಟ್, ಪಾಕಿಸ್ತಾನ, ಇರಾನಿನ ರಾಯಭಾರಿಗಳು ಹೋಗಿ, ಕುರ್‌ಆನ್ ಮುಂದಿಟ್ಟು ಮಾತಾಡಿ ಒತ್ತೆಯಾಳುಗಳನ್ನು ಬಿಡಿಸಿದರು. ಪ್ರವಾದಿಯವರ ನೆರಳನ್ನೂ ತೋರಿಸದ ಚಿತ್ರಕ್ಕೆ, ಅವರನ್ನು ತೋರಿಸಿದೆ ಎಂಬ ಆರೋಪ! ಸುದ್ದಿ ಕೇಳಿದ ಕೂಡಲೇ ತೀರ್ಪು ಕೊಡುವ ಚಾಳಿ ವಾಟ್ಸ್ಆ್ಯಪ್‌ನಿಂದ ಶುರುವಾದದ್ದಲ್ಲ ಅಲ್ವಾ?

ಮೂರನೆಯದು, ಅದೇ ಅಕ್ಕಾದರ 'ಲಯನ್ ಆಫ್ ದಿ ಡೆಸರ್ಟ್' (1981). ಇಟಲಿಯ ಆಕ್ರಮಣದ ವಿರುದ್ಧ ಲಿಬಿಯಾದಲ್ಲಿ ಹೋರಾಡಿ, 1931ರ ಸೆಪ್ಟೆಂಬರ್ 16ರಂದು ಗಲ್ಲಿಗೇರಿದ ಒಮರ್ ಮುಖ್ತಾರ್. ಮಕ್ಕಳಿಗೆ ಕುರ್‌ಆನ್ ಕಲಿಸುತ್ತಿದ್ದ ಮುದುಕ ಮೇಷ್ಟ್ರು. ಇಲ್ಲಿ ಕ್ವಿನ್ ಬಹುತೇಕ ಪಿಸುಮಾತಿನಲ್ಲೇ ನಟಿಸುತ್ತಾನೆ. ಸೆರೆ ಸಿಕ್ಕ ಎಳೆಯ ಇಟಲಿ ಅಧಿಕಾರಿಯನ್ನು ಕೊಲ್ಲೋಣ, ಅವರೂ ನಮ್ಮವರನ್ನು ಕೊಲ್ಲುತ್ತಾರಲ್ಲ ಎಂದು ಸಂಗಡಿಗರು ಹೇಳಿದಾಗ, ಅವರು ನಮ್ಮ ಗುರುಗಳಲ್ಲ ಎಂಬರ್ಥದ ಮಾತನ್ನು ಅವನು ದನಿಯೇರಿಸದೆ ಹೇಳುತ್ತಾನೆ. ಗಲ್ಲಿನ ಕೆಳಗೆ ಬಿದ್ದ ಕನ್ನಡಕವನ್ನು ಹುಡುಗನೊಬ್ಬ ಎತ್ತಿಕೊಳ್ಳುತ್ತಾನೆ. ಸೇನೆಯ ಮಾನಕ್ಕೆ ಧಕ್ಕೆ ಎಂದು ಇಟಲಿ 1982ರಲ್ಲಿ ಈ ಚಿತ್ರವನ್ನು ತಡೆಯಿತು. ಅಲ್ಲಿನ ಟಿವಿಯಲ್ಲಿ ಅದು ಬಂದದ್ದು 2009ರಲ್ಲಿ. ಕ್ವಿನ್ 2001ರಲ್ಲೇ ತೀರಿಕೊಂಡಿದ್ದ.

ಒಂದು ಮಾತು ಮುಚ್ಚಿಡಬಾರದು. ಈ ಚಿತ್ರಕ್ಕೆ ಹಣ ಕೊಟ್ಟದ್ದು ಗದ್ದಾಫಿಯ ಲಿಬಿಯಾ. ದಬ್ಬಾಳಿಕೆಯ ವಿರುದ್ಧದ ಕಥೆಗೆ ಸರ್ವಾಧಿಕಾರಿಯ ದುಡ್ಡು. ಅದು ಗೊತ್ತಿದ್ದೇ ನೋಡಬೇಕು. ಹಾಗಂತ ಮುಖ್ತಾರರ ಸತ್ಯ ಸುಳ್ಳಾಗುವುದಿಲ್ಲ.

ಹಾಗಾದರೆ ಕ್ವಿನ್ ಮಾಡಿದ್ದು ಸರಿಯೇ? ನನ್ನ ಉತ್ತರ ಎರಡು ಭಾಗದ್ದು. ನಟನಾಗಿ ಅವನು ಬೆಳೆದ. ಔದಾನಿಂದ ಮುಖ್ತಾರ್‌ವರೆಗಿನ ಸುಮಾರು ಇಪ್ಪತ್ತು ವರ್ಷದಲ್ಲಿ ಅಂಟಿಸಿದ ಮೂಗನ್ನೂ ಅಬ್ಬರವನ್ನೂ ಕಳಚಿದ. ಪರರ ಮುಖವನ್ನು ಹೇರಿಸಿಕೊಂಡೇ ದುಡಿದವನು ಅದನ್ನು ಗೌರವದಿಂದ ಹೊರಲು ಕಲಿತ. ಅದಕ್ಕೆ ನಾವು ಋಣಿ.

ಆದರೆ ವ್ಯವಸ್ಥೆಯನ್ನು ಬಿಡಬಾರದು. 'ದಿ ಮೆಸೇಜ್' ಅನ್ನು ಅಕ್ಕಾದ್ ಎರಡು ಸಲ ತೆಗೆದರು. ಅವೇ ಸೆಟ್ಟುಗಳು, ಇಂಗ್ಲಿಷಿಗೊಂದು ತಂಡ, ಅರಬಿಗೆ 'ಅರ್ರಿಸಾಲಾ' ಹೆಸರಿನಲ್ಲಿ ಇನ್ನೊಂದು. ಅರಬಿಯಲ್ಲಿ ಹಂಝಾ ಆದವರು ಈಜಿಪ್ಟಿನ ಅಬ್ದುಲ್ಲಾ ಗೈಸ್. ಅಂದರೆ ಸಮರ್ಥ ಅರಬ್ ನಟ ಅದೇ ಮರಳಿನಲ್ಲೇ ನಿಂತಿದ್ದರು. ಲೋಕದ ಮಾರುಕಟ್ಟೆಗೆ ಹೋಗಲು ಮಾತ್ರ ಕ್ವಿನ್‌ನ ಮುಖ ಬೇಕಾಯಿತು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ಹಂಝಾ ಬೇಟೆಯಿಂದ ಬರುವ ದೃಶ್ಯವನ್ನು ಎರಡೂ ಚಿತ್ರಗಳಲ್ಲಿ ಒಂದರ ನಂತರ ಒಂದು ನೋಡಿ. ಯಾರು ಎಲ್ಲಿ ದನಿ ಎತ್ತಿದರು, ಎಲ್ಲಿ ತಗ್ಗಿಸಿದರು, ಕ್ಯಾಮರಾವನ್ನು ಹೇಗೆ ನೋಡಿದರು ಬರೆದುಕೊಳ್ಳಿ. ಆಮೇಲೆ ನಿಮ್ಮ ಮನೆಯ ಹಿರಿಯರಿಗೂ ತೋರಿಸಿ. ನಮ್ಮ ರೂಮಿನ ಆ ಹಿರಿಯರಿಗೆ ತೋರಿಸುವ ಭಾಗ್ಯ ನನಗೆ ಸಿಗಲಿಲ್ಲ.